ಫಟಫಟಿಯ ಮೇಲಿನ ಕೌದಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮಾಡಿದವನು ಕುಳ್ಳನೇ ಇರಬೇಕು. ನನ್ನಂಥ ಉದ್ದನೆಯ ಆಳಿಗೆ ಯಾವ ಹಾಸಿಗೆಯೂ ಸಾಲುವುದಿಲ್ಲ, ಯಾವ ಬಾಗಿಲೂ ಸುಮ್ಮನೆ ಒಳಗೆ ಬಿಡುವುದಿಲ್ಲ. ಹಳಿಯಾಳದ ಬಸ್ಸಿನಲ್ಲಿ ಕೂತರೆ ನನ್ನ ಮೊಣಕಾಲು ಮುಂದಿನವರ ಬೆನ್ನಿಗೆ ತಗಲಿ ಜಗಳವಾಗುತ್ತಿತ್ತು. ನನ್ನ ಹೆಂಡತಿಯೋ ನನ್ನ ಎದೆಮಟ್ಟಕ್ಕೂ ಬರುವವಳಲ್ಲ. ಲಗ್ನವಾದ ಹೊಸದರಲ್ಲೇ ಹೇಳಿಬಿಟ್ಟಿದ್ದಳು: “ನಿಮ್ಮ ಮಾರಿ ನೋಡಿ ಮಾತಾಡಿದ್ರ ಕುತ್ತಿಗಿ ನೋಯ್ತೈತ್ರಿ. ನಾ ನಿಮ್ಮ ಅಂಗಿ ಗುಂಡಿ ಕೂಡನ ಮಾತಾಡ್ತೇನಿ.” ಹಾಗೇ ಮಾಡಿದಳು. ಸಿಟ್ಟು ಬಂದಾಗ ಮಾತ್ರ ತಲೆ ಎತ್ತುತ್ತಿದ್ದಳು, ಆಗ ನಾನು ತಲೆ ತಗ್ಗಿಸುತ್ತಿದ್ದೆ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುವ ಹೊತ್ತಿನ ಮಾತಿದು. ದನಗಳಿಗೆ ಸೂಜಿ ಹಾಕುವ ಸರಕಾರಿ ನೌಕರಿ ನನ್ನದು. ಡಾಕ್ಟರನಲ್ಲ, ಡಾಕ್ಟರ ಕೈಕೆಳಗಿನವನು. ಹಳ್ಳಿಯವರಿಗೆ ಆ ಫರಕೆಲ್ಲ ಬೇಕಿರಲಿಲ್ಲ, ಡಾಕ್ಟರ್ ಸಾಹೇಬ್ರು ಎಂದೇ ಕರೆಯುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಮನೆ ಹಳಿಯಾಳದಲ್ಲಿ. ಆಳು ಕಡಿಮೆ ಇದ್ದ ಕಾಲ, ಗಾಡಿ ಇದ್ದವನನ್ನು ಎಲ್ಲ ಕಡೆ ಅಟ್ಟುತ್ತಿದ್ದರು. ಒಂದು ದಿನ ದಾಂಡೇಲಿ ದಾಟಿ ಜೊಯಿಡಾದ ಕಾಡೊಳಗಿನ ಕೇರಿಗಳು, ಇನ್ನೊಂದು ದಿನ ಮುಂಡಗೋಡದ ಕಡೆ ಮಳಗಿ. ಹಿಂದೆ ಬರ್ಫದ ಡಬ್ಬಿ, ಅದರೊಳಗೆ ಲಸಿಕೆ. ಮಳೆ ಹಿಡಿಯುವುದರೊಳಗೆ ಗಳಲೆ ರೋಗದ ಸೂಜಿ ಎಲ್ಲ ದನಕ್ಕೂ ಆಗಬೇಕು. ಆ ರೋಗ ಬಂತೆಂದರೆ ಮುಂಜಾನೆ ಗಂಟಲು ಬಾತ ಎತ್ತು ಸಂಜೆಗೆ ಇರುತ್ತಿರಲಿಲ್ಲ. ಬಸ್ಸು ಮುಟ್ಟದ ಊರುಗಳನ್ನು ಬರ್ಫ ಕರಗುವುದರೊಳಗೆ ಮುಟ್ಟಬೇಕೆಂದರೆ ಇದ್ದದ್ದು ನನ್ನ ಫಟಫಟಿಯೊಂದೇ.

ಫಟಫಟಿ ಎಂದರೆ ಮೋಟಾರ್ ಸೈಕಲ್ಲು. ನಮ್ಮ ಕಡೆ ಅದರ ಸಪ್ಪಳವೇ ಅದರ ಹೆಸರು. ಕಟ್ಟಿಗೆ ಗುತ್ತಿಗೆದಾರರೊಬ್ಬರಿಂದ ಹಳೆಯದನ್ನೇ ಕೊಂಡಿದ್ದೆ. ಎಂಜಿನ್ನು ಬಂಗಾರದಂಥದು, ಎಂಥ ಏರಿನಲ್ಲೂ ಗೊಣಗುತ್ತಿರಲಿಲ್ಲ. ಸೀಟು ಮಾತ್ರ ಗಾದೆ ಮಾಡಿದ ಆ ಕುಳ್ಳನಿಗೆಂದೇ ಮಾಡಿದ್ದು. ತಗ್ಗು, ಮೇಲಾಗಿ ಮುಂದಕ್ಕೆ ಇಳಿಜಾರು. ಕೂತರೆ ಮೊಣಕಾಲು ಮೊಣಕೈಗೆ ತಾಗುತ್ತಿತ್ತು, ಬೆನ್ನು ಕುಡುಗೋಲಿನಂತೆ ಬಾಗುತ್ತಿತ್ತು. ರಸ್ತೆಯ ಒಂದೊಂದು ತಗ್ಗೂ ನೇರವಾಗಿ ನಡುವಿಗೇ ಬಂದು ಮುಟ್ಟುತ್ತಿತ್ತು. ಬಸ್ ಸ್ಟ್ಯಾಂಡಿನ ಹುಡುಗಾಟದ ಮಂದಿ ಕೇಳುತ್ತಿದ್ದರು: “ಸಾಹೇಬ್ರ, ಗಾಡಿ ನಿಮ್ಮನ್ನ ಹೊತ್ತೈತೊ, ನೀವು ಗಾಡಿ ಹೊತ್ತೀರೊ?”

ಶಿವರಾತ್ರಿ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ನನ್ನ ನಡು ಹಿಡಿದುಕೊಂಡಿತು. ಹಾಸಿಗೆಯಿಂದ ಏಳಲು ಗೋಡೆ ಬೇಕು, ಗಾಡಿಯಿಂದ ಇಳಿಯಲು ಯಾರದಾದರೂ ಹೆಗಲು ಬೇಕು. ದಾಂಡೇಲಿಯ ಡಾಕ್ಟರು ನನ್ನನ್ನು ಮಗ್ಗುಲಾಗಿಸಿ, ಬೋರಲು ಮಾಡಿ, ಕಾಲು ಎತ್ತಿಸಿ ನೋಡಿದರು. “ಗಾಡಿ ಬಿಡ್ರಿ, ಇಲ್ಲಾ ನಡು ಬಿಡ್ರಿ” ಎಂದರು. ಸುದ್ದಿ ನನ್ನ ಮೇಲಿನ ಸಾಹೇಬರಿಗೂ ಮುಟ್ಟಿತು. ಅವರು ಒಳ್ಳೆಯವರು, ಒಳ್ಳೆಯದಕ್ಕೇ ಹೇಳಿದರು: “ಜಿಲ್ಲಾ ಆಫೀಸಿನ್ಯಾಗ ಫ್ಯಾನಿನ ಕೆಳಗ ಒಂದು ಕುರ್ಚಿ ಖಾಲಿ ಐತಿ. ಮಳಿ ಬೀಳೂದರೊಳಗ ಹೂಂ ಅನ್ರಿ. ನಿಮ್ಮ ಜಾಗಾಕ್ಕ ಯಾರರ ಬರೂತನಕ ಹಳ್ಳಿ ಕೆಲಸ ಹೆಂಗೋ ನಡೀತೈತಿ.”

ಹೆಂಗೋ ನಡೆಯುವುದು ಎಂದರೆ ಏನು ಎಂದು ನನಗೆ ಗೊತ್ತಿತ್ತು. ನಡೆಯುವುದಿಲ್ಲ ಎಂದೇ ಅರ್ಥ. ಒಂದು ಮಳೆಗಾಲ ಸೂಜಿ ತಪ್ಪಿದರೆ ಎಷ್ಟು ಮನೆಗಳ ಎತ್ತಿನ ಜೋಡಿ ಒಡೆಯುತ್ತದೋ ದೇವರೇ ಬಲ್ಲ. ಅದಲ್ಲದೆ ನನಗೆ ಆ ಕುರ್ಚಿ ಬೇಡವೇ ಬೇಡವಾಗಿತ್ತು. ನಾನು ಆ ತಿರುಗಾಟವನ್ನು ಪ್ರೀತಿಸುತ್ತಿದ್ದೆ. ಕಾಡಂಚಿನ ಒಂದು ಊರಿತ್ತು, ಕೆರೆಯ ಈಚೆ ಲಿಂಗಾಯತ ರೈತರ ಓಣಿ, ಆಚೆ ಮುಸಲ್ಮಾನ ಸಿದ್ದಿಯರ ಕೇರಿ. ಈಚೆ ಓಣಿಯಲ್ಲಿ ಒಬ್ಬ ಅಜ್ಜ, ಅಜ್ಜಿ. ನಾನು ಗಾಡಿ ನಿಲ್ಲಿಸುವುದೇ ತಡ, ಅಜ್ಜಿ ಮಜ್ಜಿಗೆ ತಂಬಿಗೆ ಹಿಡಿದು ಬಂದು, ನಾನು ಕುಡಿದು ಮುಗಿಸುವ ತನಕ ಎದುರಿಗೆ ನಿಂತು ಕೇಳುವಳು: “ಇವತ್ತ ಯಾವೂರಿಂದ ಬಂದ್ರಿ? ಅಲ್ಲಿ ಹೊಳಿ ಐತೇನು? ಮಂದಿ ಹೆಂಗ ಅದಾರ?” ಹಳಿಯಾಳದ ಸಂತೆ ಬಿಟ್ಟರೆ ಆಚೆಗಿನ ಊರು ಕಂಡವಳಲ್ಲ. ನಾನು ಮುಂಡಗೋಡ, ಜೊಯಿಡಾ ಎಂದು ಬಣ್ಣಿಸುತ್ತಿದ್ದರೆ ಅಜ್ಜ ಎತ್ತಿನ ಕೊರಳು ತಿಕ್ಕುತ್ತ, “ಆಕಿಗಿ ಹೇಳಬ್ಯಾಡ್ರಿ, ಗಂಟು ಕಟ್ಟಿ ಹೊಂಟ್ಹೋದಾಳು” ಎಂದು ಛೇಡಿಸುತ್ತಿದ್ದ. ಆ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಿದ್ದಳು. ನಾನು ಜೊಯಿಡಾ ಕಡೆಯಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ.

ಹೀಗಾಗಿ ಕುರ್ಚಿಗೆ ಹೂಂ ಎನ್ನುವ ಮೊದಲು ಸೀಟನ್ನಾದರೂ ಬದಲಿಸಿ ನೋಡಬೇಕೆಂದು ಹಟ ಹಿಡಿದೆ. ಹಳಿಯಾಳದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಗಾದಿ ಹೊಲಿಯುವವನಿದ್ದ. ಟ್ರ್ಯಾಕ್ಟರು, ಲಾರಿ, ಟಾಂಗಾ, ಯಾವುದರ ಸೀಟಾದರೂ ಅವನ ಕೈಗೇ ಬರಬೇಕು. ಬಾಯಲ್ಲಿ ಸದಾ ಎಲೆಯಡಿಕೆ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ನನ್ನನ್ನು ತಲೆಯಿಂದ ಕಾಲತನಕ ನೋಡಿ, “ಸಾಬ್, ನಿಮಗ ಮಖಮಲ್ ಮ್ಯಾಲೆ ಕುಂದ್ರಸ್ತೇನಿ, ಚಿಂತಿ ಬಿಡ್ರಿ” ಎಂದ. ಫೋಮಿನ ಮೇಲೆ ಫೋಮು ಇಟ್ಟು, ಹೊಳೆಯುವ ರೆಕ್ಸಿನ್ ಹೊದಿಸಿ, ಅಂಚಿಗೆ ಬಿಳಿ ದಾರದ ಹೊಲಿಗೆ ಹಾಕಿಕೊಟ್ಟ. ಕೂತೆ. ಸ್ವರ್ಗ ಎಂದರೆ ಇದೇ ಅನಿಸಿತು. ಆದರೆ ದಾಂಡೇಲಿ ಮುಟ್ಟುವುದರೊಳಗೆ ಫೋಮು ನನ್ನ ಭಾರಕ್ಕೆ ಕುಸಿದು ಮೊದಲಿನಷ್ಟೇ ತಗ್ಗಾಯಿತು. ಬಿಸಿಲಿಗೆ ರೆಕ್ಸಿನ್ ಕಾದ ಹಂಚಾಯಿತು. ಬ್ರೇಕು ಒತ್ತಿದಾಗಲೆಲ್ಲ ಜಾರಿ ಹೋಗಿ ಪೆಟ್ರೋಲ್ ಟ್ಯಾಂಕು ಅಪ್ಪಿಕೊಳ್ಳುತ್ತಿದ್ದೆ. ಮರಳಿ ಬಂದು ಹೇಳಿದರೆ ಅವನಿಗೆ ಮನೆಯ ಮರ್ಯಾದೆ ಹೋದಷ್ಟು ಸಂಕಟವಾಯಿತು. ನನ್ನ ಸೋಲನ್ನು ತನ್ನದೇ ಎಂದುಕೊಂಡು ದುಃಖಿಸಿದ ಮನುಷ್ಯನನ್ನು ನಾನು ಮೆಚ್ಚದೆ ಇರಲಾಗಲಿಲ್ಲ.

ಇತ್ತ ಹೆಂಡತಿ ತನ್ನ ಉಪಾಯ ತೆಗೆದಳು. ನಮ್ಮ ಕಾಡಿನಲ್ಲಿ ಬೂರುಗದ ಮರಕ್ಕೆ ಬರವಿಲ್ಲ. ಯಾವ ಮನೆಗೆ ಹೋದರೂ ಬಾಣಂತಿಗೂ, ಮುದುಕರಿಗೂ ಬೂರುಗದ ಹತ್ತಿಯ ದಿಂಬು. ಮೈ ನೋವಿಗೆ ಮೆತ್ತನೆಯದೇ ಮದ್ದು ಎಂದು ನಮ್ಮವರ ನಂಬಿಕೆ. ಆಕೆಯೂ ಎರಡು ದಿಂಬು ಬಿಚ್ಚಿ ಒಂದು ಗಾದಿ ಹೊಲಿದು ಸೀಟಿಗೆ ಕಟ್ಟಿದಳು. ಮಳಗಿಯ ದಾರಿಯಲ್ಲಿ ಹತ್ತಿಯೆಲ್ಲ ಎಡಕ್ಕೂ ಬಲಕ್ಕೂ ಓಡಿಹೋಗಿ, ನಡುವೆ ನಾನು ಹಳೆಯ ಸೀಟಿನ ಮೇಲೆಯೇ ಇದ್ದೆ. ಬದಿಗಳಲ್ಲಿ ಮಾತ್ರ ಎರಡು ಉಬ್ಬು. ಆ ದಿನ ಮನೆಗೆ ಬಂದು ಗಾಡಿಯಿಂದ ಇಳಿಯಲಾಗದೆ ಅಂಗಳದಲ್ಲೇ ಕೂತಿದ್ದೆ. ಹೆಂಡತಿ ಅಂಗಿ ಗುಂಡಿ ಬಿಟ್ಟು ಮಾರಿ ನೋಡಿ ಹೇಳಿದಳು: “ಸಾಕ್ರಿ. ಕುರ್ಚಿಗಿ ಹೋಗೂಣು. ನೀವು ನೆಟ್ಟಗ ನಡದ್ರ ಸಾಕು ನನಗ.” ಆಕೆಯ ಕಣ್ಣಲ್ಲಿ ನೀರಿತ್ತು. ಅತ್ತ ದರಿ ಇತ್ತ ಪುಲಿ ಎಂದರೆ ಇದೇ ಎಂದುಕೊಂಡೆ.

ಸೂಜಿಯ ಕೆಲಸ ಅರ್ಧವೂ ಮುಗಿದಿರಲಿಲ್ಲ. ಮರುವಾರ ಆ ಕಾಡಂಚಿನ ಊರಿಗೇ ಹೋಗಬೇಕಾಯಿತು, ಮೊದಲು ಕೆರೆಯಾಚೆಯ ಸಿದ್ದಿಯರ ಕೇರಿಗೆ. ಗಾಡಿ ನಿಲ್ಲಿಸಿದೆ, ಕಾಲು ಎತ್ತಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದ ಹಿರಿಯ ಹೆಂಗಸೊಬ್ಬಳು ನನ್ನ ಅವಸ್ಥೆ ನೋಡಿ ಕೇರಿಯೆಲ್ಲ ಕೇಳುವಂತೆ ನಕ್ಕಳು. ಆ ನಗುವಿಗೆ ಸಿಟ್ಟು ಬರಬೇಕು, ಬರಲಿಲ್ಲ, ಅಷ್ಟು ತುಂಬಿದ ನಗು. ಎತ್ತರದ ಮೈಕಟ್ಟು, ಹಣೆಗೆ ಬಿಗಿದ ಸೆರಗು, ಕೈಗಳು ನನ್ನ ಕೈಗಿಂತ ದೊಡ್ಡವು. ಆ ಕೈಗಳಿಂದಲೇ ನನ್ನನ್ನು ಕಂಕುಳಿಗೆ ಹಿಡಿದು ಇಳಿಸಿದಳು. ಕಟ್ಟೆಯ ಕಲ್ಲಿನ ಮೇಲೆ ಒಂದು ಕೌದಿ ಬೀಸಿ ಹಾಸಿ, “ಮಕ್ಕೋರಿ” ಎಂದಳು.

ಕೌದಿ ಬೆರಳಿನಷ್ಟೂ ದಪ್ಪವಿರಲಿಲ್ಲ. ಕೆಳಗೆ ಬರಿಗಲ್ಲು. ಆದರೂ ಮಲಗಿದ ಸ್ವಲ್ಪ ಹೊತ್ತಿಗೇ ಇಷ್ಟು ದಿನ ಗಂಟು ಹಾಕಿಕೊಂಡಿದ್ದ ನನ್ನ ನಡು ಸಡಿಲಾಯಿತು. ಅರಿವೆಯ ಮೇಲೆ ಅರಿವೆ, ಒತ್ತೊತ್ತಾಗಿ ಓಡಿದ ಹೊಲಿಗೆ. ಅದು ಮೆತ್ತಗೂ ಇರಲಿಲ್ಲ, ಬಿರುಸೂ ಇರಲಿಲ್ಲ. ಕುಸಿಯದೆ ಹಿಡಿದು ನಿಲ್ಲುತ್ತಿತ್ತು. ನಾವೆಲ್ಲ ಮೆತ್ತನೆಯದನ್ನೇ ಹುಡುಕಿ ಕೆಟ್ಟಿದ್ದೆವು ಎಂದು ಅಲ್ಲಿ ಮಲಗಿಯೇ ಹೊಳೆಯಿತು. ನನ್ನಂಥವನ ಭಾರಕ್ಕೆ ಬೇಕಾದದ್ದು ಕುಸಿಯದ ಎತ್ತರ. ಇಂಥದೊಂದು ಸೀಟಿಗೆ ಹೊಲಿದುಕೊಡು ಎಂದು ಕೇಳಿದೆ.

“ಕೊಡ್ತೇನಿ. ನಿಮ್ಮ ಮನಿ ಹಳಿ ಅರಿವಿ ತರ್ರಿ. ನೂಲಿನವು ಬೇಕು. ಅಂಗಡಿ ಅರಿವಿ ತಂದ್ರ ಮುಟ್ಟೂದಿಲ್ಲ ನಾ.”

“ಹೊಸದು ಆದ್ರ ಏನಾತು?”

“ಹೊಸಾದು ಯಾರ ಮೈಯೂ ಕಂಡಿಲ್ಲ. ಮೈ ಕಾಣದ್ದು ಮೈಗಿ ಹೆಂಗ ಹೊಂದತೈತಿ?” ಇಷ್ಟು ಹೇಳಿ ಹೊಲಿಗೆಗೆ ಬಗ್ಗಿದಳು. ಮಾತು ಮುಗಿದಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಇಬ್ಬರೂ ಟ್ರಂಕು, ಗಂಟು, ಅಟ್ಟ ಎಲ್ಲ ತಡಕಿದೆವು. ನೂಲಿನ ಹಳೆಯ ಅರಿವೆ ಒಂದೂ ಇಲ್ಲ. ಆ ಕಾಲಕ್ಕೆ ಎಲ್ಲರೂ ಟೆರಿಲಿನ್ನಿಗೆ ಮರುಳಾಗಿದ್ದೆವು. ಇಸ್ತ್ರಿ ಬೇಡ, ಮುದುಡುವುದಿಲ್ಲ, ನೌಕರಿಯವರಿಗೆ ಅದೇ ಗತ್ತು. ಇನ್ನು ಇದ್ದ ನೂಲಿನ ಸೀರೆ, ಧೋತರಗಳನ್ನು ಹೆಂಡತಿ ಬೀದಿಯಲ್ಲಿ ಕೂಗುತ್ತ ಬರುವ ಪಾತ್ರೆಯವಳಿಗೆ ಕೊಟ್ಟು ಸ್ಟೀಲು ತಗೊಂಡಿದ್ದಳು. ಹಳೆಯ ಅರಿವೆಗೆ ಹೊಸ ಪಾತ್ರೆ, ಹಳಿಯಾಳದ ಎಲ್ಲ ಗೃಹಿಣಿಯರ ಹೆಮ್ಮೆಯ ವ್ಯಾಪಾರ ಅದು. ನಮ್ಮ ಅಡುಗೆಮನೆ ತುಂಬ ಫಳಫಳ ಹೊಳೆಯುವ ಡಬ್ಬಿಗಳು, ಮೈಗೆ ಹೊಂದುವ ಒಂದು ಚಿಂದಿ ಇಲ್ಲ. “ತಾಟಿನ ಮ್ಯಾಲೆ ಕುಂದರ್ತೀರೇನು?” ಎಂದು ಹೆಂಡತಿ ಕೇಳಿದಳು.

ಬೇರೆ ದಾರಿಯಿಲ್ಲದೆ ನನ್ನ ಟೆರಿಲಿನ್ ಪ್ಯಾಂಟುಗಳನ್ನೇ ಕೌದಿಯವಳಿಗೆ ಒಯ್ದು ಕೊಟ್ಟೆ. ಉದ್ದ ಕಾಲಿನವನ ಪ್ಯಾಂಟು, ಅರಿವೆಗೇನೂ ಕಡಿಮೆ ಇರಲಿಲ್ಲ. ಆಕೆ ಒಂದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ಬೆವರು ಕುಡಿಯೂದಿಲ್ಲ, ಜಾರತೈತಿ” ಎಂದು ನನ್ನ ಹೆಗಲಿಗೇ ಎಸೆದಳು. ನಾನು ಮೋರೆ ಇಳಿಸಿಕೊಂಡು, ಮಳೆಗಾಲಕ್ಕೆ ನಾನು ಇಲ್ಲಿರುವುದಿಲ್ಲ, ಕುರ್ಚಿಗೆ ಹೋಗುತ್ತೇನೆ ಎಂದು ಹೇಳಿದೆ. ಆಕೆಯ ಸೂಜಿ ನಿಂತಿತು. ಅದನ್ನು ಅರಿವೆಗೆ ಚುಚ್ಚಿಟ್ಟು, “ಜೊಯಿಡಾ ಕಡೆ ಮುಗಿಸಿ ಬರ್ರಿ. ಬರೂ ಮುಂದ ಬಿಡುವು ಮಾಡಿಕೊಂಡ ಬರ್ರಿ” ಎಂದಳಷ್ಟೆ.

ಜೊಯಿಡಾ ಕಡೆ ಮುಗಿಸಿ ಬಂದಾಗ ಆಕೆಯ ಕಟ್ಟೆಯ ಮೇಲೆ ಅರಿವೆಯ ಗುಡ್ಡೆಯೇ ಇತ್ತು. ಇಳಕಲ್ ಸೀರೆಯ ತುಂಡು, ಮಾಸಿದ ಧೋತರ, ಹಸಿರು ಕುಪ್ಪಸ, ಲುಂಗಿ, ಯಾರದೋ ತಲೆಗೆ ಸುತ್ತುವ ಪಟಗ. ಕೆರೆಯ ಆಚೆಯದೂ ಈಚೆಯದೂ ಕೂಡಿ ಬಂದಿದ್ದವು. ಮನೆ ಮನೆಗೆ ಹೋಗಿ, ಡಾಕ್ಟರು ಹೋಗಿಬಿಡ್ತಾರಂತ ಎಂದು ಹೇಳಿ ತಂದಿದ್ದಳಂತೆ. ಯಾರ್ಯಾರದು ಎಂದು ಕೇಳಿದೆ. “ಕೇಳಬ್ಯಾಡ್ರಿ. ಕೌದಿಯೊಳಗ ಕೂಡಿದ ಮ್ಯಾಲೆ ಎಲ್ಲಾ ಒಂದ” ಎಂದಳು.

ಆಕೆ ಹೊಲಿಯುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ಸಿದ್ದಿಯರ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಅಳತೆಯ ಪಟ್ಟಿಯಿಲ್ಲ, ಗೀಟಿಲ್ಲ. ನನ್ನನ್ನು ಒಂದು ಒರಳುಕಲ್ಲಿನ ಮೇಲೆ ಕುದುರೆ ಏರಿದಂತೆ ಕೂಡಿಸಿ, ತೊಡೆ ಎಲ್ಲಿ ಒತ್ತುತ್ತದೆ, ಬೆನ್ನು ಎಲ್ಲಿ ನೆಟ್ಟಗಾಗುತ್ತದೆ ಎಂದು ಸುತ್ತ ತಿರುಗಿ ನೋಡುವಳು. ಮುಂದೆ ಎರಡು ಪದರು ಹೆಚ್ಚು, ಜಾರಬಾರದೆಂದು. ನಡುವೆ ಒಂದು ಕಡಿಮೆ. ಬೈಯುವುದಂತೂ ಬಿಡುವಿಲ್ಲದೆ ನಡೆದಿತ್ತು. “ಒಂಟಿ ಹಂಗ ಬಗ್ಗಬ್ಯಾಡ್ರಿ, ನೆಟ್ಟಗ ಕುಂದರ್ರಿ” ಎಂದು ಗದರಿದರೆ, ಸರಕಾರಿ ನೌಕರನಾದ ನಾನು ಕೇರಿಯ ಮಕ್ಕಳೆದುರು ನೆಟ್ಟಗೆ ಕೂರುತ್ತಿದ್ದೆ. ನಾಲ್ಕು ಮೂಲೆಗೂ ಅರಿವೆ ಮಡಚಿ ಪುಟ್ಟ ಹೂ ಇಟ್ಟಳು. ಫಟಫಟಿಗೆ ಹೂ ಯಾತಕ್ಕೆ ಎಂದರೆ, “ಹೂವಿಲ್ಲದ ಕೌದಿ ಬತ್ತಲೆ” ಎಂದಳು. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯಿತು. ಅದನ್ನು ಮುಚ್ಚುವ ಮೊದಲು ಒಳಗಿಂದ ಒಂದಿಷ್ಟು ಅಕ್ಕಿಕಾಳು ತಂದು ನನ್ನ ಕೈಗೇ ಕೊಟ್ಟು, ಬಿಸ್ಮಿಲ್ಲಾ ಎಂದು ಆ ಬಾಯಿಗೆ ಹಾಕಿಸಿದಳು. “ಕೌದಿ ಹೊಟ್ಟಿ ಖಾಲಿ ಇರಬಾರದು. ತಾನ ಹಸಿದಿದ್ರ ನಿಮ್ಮನ್ನ ಹೆಂಗ ಹೊರತೈತಿ?”

ಅದನ್ನು ಒಯ್ದು ಗಾದಿಯವನಿಗೆ ತೋರಿಸಿದೆ. ಹೊಟ್ಟೆಕಿಚ್ಚು ಪಡುತ್ತಾನೆಂದು ಹೆದರಿದ್ದೆ. ಅವನು ಎಲೆಯಡಿಕೆ ಉಗುಳಿ ಬಂದು, ಕೈ ತೊಳೆದುಕೊಂಡು, ಆಮೇಲೆ ಕೌದಿ ಮುಟ್ಟಿದ. “ಈ ಹೊಲಿಗಿಗಿ ಮಶೀನ್ ಸಲಾಂ ಹೊಡೀಬೇಕು ಸಾಬ್” ಎಂದ. ದಾಂಡೇಲಿಯ ಸಾ ಮಿಲ್ಲಿನಿಂದ ಸಾಗವಾನಿಯ ತುಂಡೊಂದನ್ನು ತರಿಸಿ, ಅಂಗೈ ಅಗಲದಷ್ಟು ಎತ್ತರಕ್ಕೆ ಅಡಿಪಾಯ ಕೆತ್ತಿ, ಇಳಿಜಾರು ತೆಗೆದು, ಸೀಟನ್ನು ಸ್ವಲ್ಪ ಹಿಂದಕ್ಕೆ ಬೆಳೆಸಿದ. ಅದರ ಮೇಲೆ ಕೌದಿಯನ್ನು ತೊಗಲಿನ ಪಟ್ಟಿಯಿಂದ ಬಿಗಿದ. ಮಳೆಗೆಂದು ಮೇಲೊಂದು ರೆಕ್ಸಿನ್ ಕುಲಾವಿಯನ್ನೂ ಹೊಲಿದುಕೊಟ್ಟ. ಹಳೆಯ ಸೋಲಿಗೆ ಅದು ಅವನ ಉತ್ತರ.

ಕೂತೆ. ಕಾಲು ಮೊದಲ ಸಲ ತನ್ನ ಉದ್ದಕ್ಕೆ ಇಳಿಯಿತು. ಬೆನ್ನು ತಾನಾಗಿ ನೆಟ್ಟಗಾಯಿತು. ಬೇರೆಯವರಾಗಿದ್ದರೆ ಕಾಲು ನೆಲ ಮುಟ್ಟುತ್ತಿರಲಿಲ್ಲ, ನನಗೆ ಪಾದ ಪೂರಾ ಊರುತ್ತಿತ್ತು. ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಮುಂಡಗೋಡದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆ. ಹಿಂದಿನ ಭಾಗ ಇನ್ನೂ ಎತ್ತರವಾಗಿತ್ತು, ಆಕೆಯ ಬಾಯಿ ನನ್ನ ಕಿವಿಗೆ ಸರಿಯಾಗಿ ಬಂತು. ಲಗ್ನವಾದ ಇಷ್ಟು ವರ್ಷದ ಮೇಲೆ ಗುಂಡಿ ಬಿಟ್ಟು ಕಿವಿಗೆ ಮಾತಾಡಿದಳು. “ನೋವು ಐತೇನ್ರಿ?” ಎಂದಳು. ಇತ್ತು, ಆದರೆ ಹೊರುವಷ್ಟಿತ್ತು. ಹಾಗೆಂದು ಹೇಳಿದೆ. “ಹಂಗಾದ್ರ ಕುರ್ಚಿ?” ಎಂದಳು. ನಾನು ಇನ್ನೂ ಗಟ್ಟಿ ಮಾಡಿರಲಿಲ್ಲ. ಡಾಕ್ಟರು ಹೇಳಿದ್ದು ಕಿವಿಯಲ್ಲಿತ್ತು. ಸಾಹೇಬರು ಆ ವಾರವೇ ಹಳಿಯಾಳಕ್ಕೆ ಬರುವವರಿದ್ದರು.

ಮರುದಿನ ಆ ಕಾಡಂಚಿನ ಊರಿನ ಈಚೆ ಓಣಿಗೆ ಹೋದೆ, ಉಳಿದ ದನಗಳ ಸೂಜಿಗೆ. ಅಜ್ಜ ಎತ್ತುಗಳನ್ನು ಕಟ್ಟಿ ಹಿಡಿದಿದ್ದ. ಮಜ್ಜಿಗೆ ತಂಬಿಗೆಯನ್ನೂ ತಾನೇ ತಂದ. ಕೆಲಸ ಮುಗಿಸಿ ಗಾಡಿಯ ಹತ್ತಿರ ಬಂದೆ. ಅಜ್ಜ ಹಿಂದೆಯೇ ಬಂದು, ಸೀಟಿನ ಮೇಲೆ ಕೈ ಇಟ್ಟು, ಬಲಗಡೆಯ ಒಂದು ಪಟ್ಟಿಯನ್ನು ಹೆಬ್ಬೆರಳಿನಿಂದ ಸವರುತ್ತ ನಿಂತ. ಕಂದುಬಣ್ಣದ ಸೀರೆಯ ತುಂಡು, ಕೆಂಪು ದಡಿ. ಆ ದಡಿ ನನಗೂ ಗುರುತಿತ್ತು. ಎಷ್ಟೋ ಸಲ ಮಜ್ಜಿಗೆ ತಂಬಿಗೆಯ ಹಿಂದೆ ಅದನ್ನು ಕಂಡಿದ್ದೆ.

ಹೋದ ಜೀವದ ಸೀರೆ, ಅದರ ಮೇಲೆ ನಾನು ಕಾಲು ಹಾಕಿ ಕೂತು ಬಂದಿದ್ದೆ. “ಅಜ್ಜಾ, ನನಗ ಗೊತ್ತಿರಲಿಲ್ಲ. ಬಿಚ್ಚಿಸ್ತೇನಿ ಇದನ್ನ. ಇದರ ಮ್ಯಾಲೆ ನಾ ಹೆಂಗ ಕುಂದರ್ಲಿ?” ಎಂದೆ.

ಅಜ್ಜ ಕೈ ತೆಗೆಯಲಿಲ್ಲ. ಮಾತು ಮಾತ್ರ ಎಂದಿನಂತೆ ಸಾವಕಾಶ. “ಕೂಡ್ರಿ. ನಾನ ಕೊಟ್ಟೇನಿ. ಆಕಿಗಿ ಊರೂರು ನೋಡೂ ಆಸಿ ಭಾಳ ಇತ್ತು. ನಾ ಎಲ್ಲೂ ಕರಕೊಂಡ ಹೋಗಲಿಲ್ಲ, ಬರೇ ಎತ್ತು, ಹೊಲ ಅನಕೋತ ಕುಂತೆ. ಈಗರ ತಿರಗಲಿ.”

ಅಜ್ಜ ಸೀಟಿನಿಂದ ಕೈ ತೆಗೆಯುವ ತನಕ ಕಾದೆ. ಆಮೇಲೆ ಕೂತೆ. ಅಂದು ಹಳಿಯಾಳದ ತನಕ ತಗ್ಗು ದಿಣ್ಣೆಗಳನ್ನು ತಪ್ಪಿಸುತ್ತ, ಹಿಂದೆ ವಯಸ್ಸಾದವರನ್ನು ಕೂಡಿಸಿಕೊಂಡವನಂತೆ ಮೆಲ್ಲಗೆ ಬಂದೆ. ಸಾಹೇಬರು ಬಂದಾಗ ಕುರ್ಚಿ ಬೇಡ ಎಂದುಬಿಟ್ಟೆ. ಕಾರಣ ಕೇಳಿದರು. ಸೀಟು ಸರಿಯಾಯಿತು ಎಂದೆ. ಆ ಕುರ್ಚಿ ಬೇರೆಯವರಿಗೆ ಹೋಯಿತು. ಮಳೆ ಬೀಳುವುದರೊಳಗೆ ಸೂಜಿ ಮುಗಿಯಿತು. ನಡು ಆಮೇಲೂ ಆಗಾಗ ಗೊಣಗುತ್ತಿತ್ತು, ಆದರೆ ಹಿಡಿದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಆ ಊರಿಗೆ ಹೋದಾಗಲೆಲ್ಲ ಅಜ್ಜ ದನದ ಮಾತು ಮೊದಲು ಎತ್ತುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಸೀಟಿನ ಧೂಳು ಝಾಡಿಸಿ ಕೇಳುವನು: “ಈ ಸಲ ಎಲ್ಲಿ ತನಕ ಹೋಗಿದ್ಲು?” ನಾನು ವರದಿ ಒಪ್ಪಿಸುತ್ತಿದ್ದೆ. ಮುಂಡಗೋಡ ಕಂಡಳು. ಮಳಗಿಯ ಡ್ಯಾಮಿನಲ್ಲಿ ತುಂಬಿದ ನೀರು ಕಂಡಳು. ದಾಂಡೇಲಿಯಲ್ಲಿ ಕಾಳಿ ಹೊಳೆ ದಾಟಿದಳು. ಜೊಯಿಡಾದಲ್ಲಿ ಮಳೆಗೆ ಸಿಕ್ಕು ಅಂಗಡಿಯ ಮಾಡಿನಡಿ ನಿಂತಳು. ಅಜ್ಜ ತಲೆಯಾಡಿಸುತ್ತ, ಎತ್ತಿನ ಕೊರಳು ತಿಕ್ಕುತ್ತ ಕೇಳುತ್ತಿದ್ದ.

ಒಂದು ರವಿವಾರ ಕೆಲಸವಿರಲಿಲ್ಲ. ಸೂಜಿಯಿಲ್ಲ, ಡಬ್ಬಿಯಿಲ್ಲ. ಆದರೂ ಜೊಯಿಡಾ ದಾಟಿ, ನಾನೂ ಎಂದೂ ಹೋಗಿರದ ರಸ್ತೆ ಹಿಡಿದು ಸಂಜೆಯ ತನಕ ಹೋದೆ. ಎಲ್ಲಿಗೆ ಹೊರಟಿದ್ದೀರಿ ಎಂದು ಹೆಂಡತಿ ಕೇಳಲಿಲ್ಲ, ಬುತ್ತಿ ಕಟ್ಟಿಕೊಟ್ಟಿದ್ದಳು. ಮರುದಿನ ಅಜ್ಜನ ಊರಿಗೆ ಹೋಗಬೇಕಿತ್ತು, ಅವನಿಗೆ ಹೇಳಲು ನನ್ನ ಹತ್ತಿರ ಹೊಸ ಊರು ಉಳಿದಿರಲಿಲ್ಲ.